ಸಾವಿನಿಂದ ಶುರು ಮಾಡಬೇಡ

ಪ್ರಿಯ ತಮ್ಮ,

ನಿನ್ನ ಹಸ್ತಪ್ರತಿ ಪೂರ್ತಿ ಓದಿದೆ. ಹದಿನೈದನೇ ಶತಮಾನದಲ್ಲಿ ಫ್ರಾನ್ಸ್, ಜರ್ಮನಿಗಳ ನಡುವಿನ ಬರ್ಗಂಡಿಯನ್ನು ಆಳಿದ ಡ್ಯೂಕ್ ಚಾರ್ಲ್ಸನನ್ನು ಕಟ್ಟಿಕೊಂಡು ಕನ್ನಡದ ಓದುಗರಿಗೆ ಏನಾಗಬೇಕು ಎಂದು ಪತ್ರದ ಕೊನೆಗೆ ಕೈಚೆಲ್ಲಿದ್ದೀಯ. ಓದುತ್ತಾರೆ, ಬಿಡು. ಅಧ್ಯಾಯ ಎಷ್ಟಿರಬೇಕು, ಅಡಿಟಿಪ್ಪಣಿ ಎಲ್ಲಿ ಬರಬೇಕು, ಯಾವ ಪ್ರಕಾಶಕರನ್ನು ಹಿಡಿಯಬೇಕು ಎಂಬುದೆಲ್ಲ ತಾನೇ ತಿಳಿಯುತ್ತದೆ. ನನ್ನ ತಕರಾರು ಒಂದೇ. ಸಾಕ್ಷಿ ಹೇಳುವವನು ಆ ಹೊತ್ತಿಗೆ ಎಲ್ಲಿದ್ದ, ಯಾರ ಅನ್ನ ತಿನ್ನುತ್ತಿದ್ದ ಎಂದು ನೀನು ಒಂದು ಸಲವೂ ಕೇಳಿಲ್ಲ.

ಮೊದಲ ಪುಟದಲ್ಲೇ ನಾನ್ಸಿ, ಚಾರ್ಲ್ಸ್ ಸತ್ತ ಕದನದ ಊರು. 1477ರ ಜನವರಿ 5ರ ಸೋಲು, ಎರಡು ದಿನ ಬಿಟ್ಟು ಮಂಜುಗಡ್ಡೆಯಲ್ಲಿ ಸಿಕ್ಕ ಹೆಣ, ತೋಳ ತಿಂದ ಮುಖ, ಉದ್ದನೆಯ ಉಗುರು, ಹಳೇ ಗಾಯದ ಕಲೆ ನೋಡಿ ಇವನೇ ಎಂದ ವೈದ್ಯ. ಚೆನ್ನಾಗಿ ಬರೆದಿದ್ದೀಯ, ತೊಂದರೆಯೇ ಅದು. ಹೆಣ ತೋರಿಸಿಬಿಟ್ಟ ಮೇಲೆ 1433ರಲ್ಲಿ ದಿಜೋಂನಲ್ಲಿ ಹುಟ್ಟಿದ ಕೂಸು ಕೂಡ ನಾನ್ಸಿಯ ಕಡೆಗೇ ಅಂಬೆಗಾಲಿಡುತ್ತದೆ. 1473ನ್ನು ನೋಡು. ಆ ವರ್ಷ ಗೆಲ್ಡರ್ಸ್ ಸಂಸ್ಥಾನ ಅವನ ಕೈಸೇರಿತು, ಜರ್ಮನ್ ಚಕ್ರವರ್ತಿ ಮೂರನೇ ಫ್ರೆಡರಿಕ್ ಟ್ರಿಯರ್‌ನಲ್ಲಿ ಅವನಿಗೆ ರಾಜಕಿರೀಟ ಕೊಡುವ ಮಾತಾಡಿದ, ಡಿಸೆಂಬರಿನಲ್ಲಿ ಮೆಖೆಲೆನ್‌ನಲ್ಲಿ ಅವನ ಉಚ್ಚ ನ್ಯಾಯಾಲಯ ನಿಂತಿತು. ಕಿರೀಟ ಕೊಡದೆ ಫ್ರೆಡರಿಕ್ ನವೆಂಬರಿನಲ್ಲಿ ದೋಣಿ ಹತ್ತಿ ಜಾರಿಕೊಂಡದ್ದು ನಿಜ. ಆದರೂ ಆಗ ಜ್ವರ ಬಂದು ಚಾರ್ಲ್ಸ್ ಸತ್ತಿದ್ದರೆ ಅವನನ್ನು ರಾಜ್ಯ ಕಟ್ಟಿದವನೆಂದೇ ಎಲ್ಲರೂ ಬರೆಯುತ್ತಿದ್ದರು.

ಹಾಗಾದರೆ 'ದುಡುಕಿನವ' ಎಂಬ ಮಾತು ನಿನ್ನ ಹಸ್ತಪ್ರತಿಗೆ ಎಲ್ಲಿಂದ ಬಂತು? ಬಹುಪಾಲು ಫಿಲಿಪ್ ದ ಕೊಮಿನ್‌ನಿಂದ. ಅವನು ಚಾರ್ಲ್ಸನ ಆಪ್ತ ಸೇವಕ. 1472ರ ಆಗಸ್ಟಿನ ಒಂದು ರಾತ್ರಿ ಧಣಿಯನ್ನು ಬಿಟ್ಟು ಫ್ರಾನ್ಸಿನ 11ನೇ ಲೂಯಿಯ ಪಾಳೆಯಕ್ಕೆ ಹೋದ. ಪಿಂಚಣಿ, ಜಹಗೀರು, ಒಳ್ಳೆಯ ಸಂಬಂಧ ಎಲ್ಲ ಸಿಕ್ಕಿತು. ನೆನಪುಗಳನ್ನು ಬರೆಯಲು ಕೂತದ್ದು ಚಾರ್ಲ್ಸ್ ಸತ್ತು ಹತ್ತು ವರ್ಷ ದಾಟಿದ ಮೇಲೆ. ಪಕ್ಷ ಬಿಟ್ಟವನಿಗೆ ಹಳೆಯ ಧಣಿ ಹುಚ್ಚನಾಗಿದ್ದರೇ ಅನುಕೂಲ. ಅವನನ್ನು ಎಸೆಯಬೇಕೆಂದಲ್ಲ, ವಿಂಗಡಿಸಬೇಕು. ಲೂಯಿಯ ವಿರುದ್ಧದ 1465ರ ಯುದ್ಧದಲ್ಲಿ ಅವನು ಚಾರ್ಲ್ಸನ ಜೊತೆಗೇ ಇದ್ದ. ಪ್ಯಾರಿಸ್ಸಿನ ಹೊರಗೆ ಮಬ್ಬುಗತ್ತಲಲ್ಲಿ ಎತ್ತರದ ಮುಳ್ಳುಗಿಡಗಳನ್ನು ಶತ್ರುವಿನ ಈಟಿಗಳೆಂದು ತಿಳಿದು ಸೈನ್ಯ ಸಜ್ಜಾದ ಕಥೆ ಅವನದೇ, ಅದನ್ನು ನಂಬು. 1476ರಲ್ಲಿ ಗ್ರಾಂಸೋಂ ಮತ್ತು ಮೂರ್ಟೆನ್‌ಗಳಲ್ಲಿ ಚಾರ್ಲ್ಸ್ ಸ್ವಿಸ್ಸರ ಕೈಲಿ ಸೋತ ಹೊತ್ತಿಗೆ ಅವನಿದ್ದದ್ದು ಲೂಯಿಯ ಪಕ್ಕದಲ್ಲಿ. ಅಲ್ಲಿ ಮಿಲಾನಿನ ರಾಯಭಾರಿ ಪಾನಿಗರೋಲಾ ಬೇಕು. ಅವನು ಚಾರ್ಲ್ಸನ ಬಿಡಾರದಿಂದಲೇ ತನ್ನ ಡ್ಯೂಕನಿಗೆ ವರದಿ ಬರೆಯುತ್ತಿದ್ದ. ಅವನಿಗೂ ಒಬ್ಬ ಧಣಿ ಇದ್ದ ಎಂಬುದನ್ನು ಮರೆಯಬೇಡ.

ಪ್ರತಿ ಘಟನೆಗೂ ಒಂದು ಚೀಟಿ ಮಾಡು: ಯಾರು ಬರೆದ, ಆ ದಿನ ಎಲ್ಲಿದ್ದ, ಎಷ್ಟು ವರ್ಷ ಬಿಟ್ಟು ಬರೆದ, ಯಾರ ದುಡ್ಡಿನಲ್ಲಿ. ಜೊತೆಗೆ ಮೂಲದಲ್ಲಿದ್ದ ತಾರೀಖು ಮತ್ತು ನೀನು ತಿದ್ದಿದ ತಾರೀಖು. ಇದರಲ್ಲಿ ನೀನು ಎರಡು ಕಡೆ ಎಡವಿದ್ದೀಯ. ನಮ್ಮಲ್ಲಿ ಯುಗಾದಿಗೆ ಸಂವತ್ಸರ ಬದಲಾಗುವ ಹಾಗೆ ಫ್ರಾನ್ಸ್, ಫ್ಲಾಂಡರ್ಸ್‌ಗಳ ಕಾಗದಪತ್ರಗಳಲ್ಲಿ ಈಸ್ಟರ್‌ಗೆ ವರ್ಷ ಬದಲಾಗುತ್ತಿತ್ತು. 1477ರ ಈಸ್ಟರ್ ಏಪ್ರಿಲ್ 6ಕ್ಕೆ. ಆದ್ದರಿಂದ ನಾನ್ಸಿಯ ಕದನ ಆ ಲೆಕ್ಕದಲ್ಲಿ 1476. ಚಾರ್ಲ್ಸನ ಮಗಳು ಮೇರಿಯ ಇಬ್ಬರು ಮಂತ್ರಿಗಳ ತಲೆಯನ್ನು ಫ್ಲಾಂಡರ್ಸ್‌ನ ಗೆಂಟ್ ಊರಿನವರು ಏಪ್ರಿಲ್ 3ರಂದು ಹೊಡೆದದ್ದೂ 1476. ಜರ್ಮನ್ ಊರುಗಳಲ್ಲಿ ಹೊಸ ವರ್ಷ ಕ್ರಿಸ್‌ಮಸ್‌ಗೇ ಶುರು. ಹೀಗೆ ಒಂದೇ ವಾರಕ್ಕೆ ಎರಡು ಇಸವಿ ಬರುತ್ತವೆ, ನೀನು ಒಂದು ಸೋಲನ್ನು ಎರಡು ಮಾಡುತ್ತೀಯ.

ಸೈನ್ಯದ ಲೆಕ್ಕವೂ ಹಾಗೇ. ಸೈನ್ಯ ಕಟ್ಟಲು ಚಾರ್ಲ್ಸ್ ಹೊರಡಿಸಿದ 1471ರ ಆಬ್‌ವಿಲ್ ಆಜ್ಞೆಯ 1250 'ಲ್ಯಾನ್ಸ್'ಗಳನ್ನು 1250 ಜನ ಎಂದು ಬರೆದಿದ್ದೀಯ. ಒಂದು ಲ್ಯಾನ್ಸ್ ಎಂದರೆ ಒಂದು ತಂಡ: ಕವಚಧಾರಿ ಸವಾರ, ಅವನ ಸಹಾಯಕ ಸವಾರ, ಕುದುರೆ ನೋಡಿಕೊಳ್ಳುವ ಹುಡುಗ, ಕುದುರೆಯೇರಿದ ಮೂವರು ಬಿಲ್ಲುಗಾರರು, ಕಾಲಾಳುಗಳಲ್ಲಿ ಅಡ್ಡಬಿಲ್ಲಿನವ, ಕೈಬಂದೂಕಿನವ, ಉದ್ದ ಭರ್ಜಿಯವ ಒಬ್ಬೊಬ್ಬರು. ಹುಡುಗನನ್ನು ಬಿಟ್ಟರೆ ಎಂಟು ಮಂದಿ. ಒಟ್ಟು ಹತ್ತು ಸಾವಿರ, ಅದೂ ಕಾಗದದ ಮೇಲೆ.

ಈ ಆಜ್ಞೆಗಳನ್ನು ಪೂರ್ತಿ ಓದಿದ್ದರೆ ನಿನ್ನ ಪುಸ್ತಕದ ಮನುಷ್ಯನೇ ಬದಲಾಗುತ್ತಿದ್ದ. ಯಾರ ಹಿಂದೆ ಯಾರು ನಡೆಯಬೇಕೆಂದು ಬರೆದಿಟ್ಟವನು ಅವನು. ಆಸ್ಥಾನದ ಚರಿತ್ರಕಾರ ಶಾಸ್ಟೆಲೆಂ ಹೇಳುವಂತೆ ವಾರಕ್ಕೆ ಮೂರು ದಿನ ಊಟದ ನಂತರ ಬಡವರ ಅರ್ಜಿ ಕೇಳುತ್ತಿದ್ದ. ದೊಡ್ಡ ಮನೆತನದವರು ಬೆಂಚಿನ ಮೇಲೆ ಅಲುಗಾಡದೆ ಕೂರಬೇಕಿತ್ತು, ಅವರಿಗದು ಶಿಕ್ಷೆ. ದುಡುಕಿಗಿಂತ ಅತಿಯಾದ ಕಟ್ಟುನಿಟ್ಟು ಅವನ ರೋಗ ಎಂದು ನನ್ನ ಎಣಿಕೆ. ನಾಯ್ಸ್ ಕೋಟೆಯ ಮುಂದೆ 1474ರ ಜುಲೈಯಿಂದ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಮುತ್ತಿಗೆ ಹಾಕಿ ಕೂತ. ಮಿತ್ರನಾದ ಇಂಗ್ಲೆಂಡಿನ ನಾಲ್ಕನೇ ಎಡ್ವರ್ಡ್ ಲೂಯಿಯ ಮೇಲೆ ಯುದ್ಧಕ್ಕೆಂದು ಸೈನ್ಯ ತಂದಿಳಿದಾಗ ಇವನು ಕೈಬೆರಳೆಣಿಕೆಯ ಜನರೊಂದಿಗೆ ಹೋಗಿ ನಿಂತ. ಎಡ್ವರ್ಡ್ 75,000 ಕ್ರೌನ್ ರೊಕ್ಕಕ್ಕೂ ವರ್ಷಾಶನಕ್ಕೂ ಲೂಯಿಯೊಂದಿಗೆ ರಾಜಿಯಾದ.

ಅಷ್ಟಕ್ಕೇ ಅವನ ವಕೀಲಿಗೆ ನಿಲ್ಲಬೇಡ. 1466ರಲ್ಲಿ ಅವನು ದಿನಾಂ ಊರನ್ನು ನಾಶ ಮಾಡಿದ್ದಕ್ಕೆ ನೀನು ಕೊಟ್ಟದ್ದು ಒಂದು ಸಾಲು! ಲಿಯೇಜ್ ನಗರವನ್ನು 1468ರಲ್ಲಿ ಸಿಟ್ಟಿನ ಭರದಲ್ಲಿ ಸುಟ್ಟನೆಂದಿದ್ದೀಯ. ಸಿಟ್ಟಿನಲ್ಲಿ ಸುಡುವವನು ಚರ್ಚುಗಳನ್ನು ಉಳಿಸಿ, ಉಳಿದದ್ದನ್ನು ಭಾಗ ಭಾಗವಾಗಿ, ಸರದಿಯಂತೆ ಸುಡುವುದಿಲ್ಲ. ಸೈನ್ಯದ ಆಜ್ಞೆ ಬರೆದ ಬುದ್ಧಿಯೇ ಅಲ್ಲೂ ಕೆಲಸ ಮಾಡಿದ್ದು. ಗೆಳೆಯರು ಈ ಅಧ್ಯಾಯವನ್ನು 'ಸಿನಿಮಾ ನೋಡಿದ ಹಾಗಿದೆ' ಎಂದರೆಂದು ಹಿಗ್ಗಿದ್ದೀಯಲ್ಲ, ನನಗೆ ಭಯವಾದದ್ದು ಅಲ್ಲಿಯೇ. ಕನ್ನಡದಲ್ಲಿ ಯುರೋಪಿನ ಇತಿಹಾಸವೆಂದರೆ ಒಂದು ಇಂಗ್ಲಿಷ್ ಪುಸ್ತಕದ ಬಣ್ಣ ತೆಗೆದು ಇನ್ನೊಂದಕ್ಕೆ ಬಳಿಯುವುದು ಎಂದಾಗಿ ಬಹಳ ಕಾಲವಾಯಿತು.

ಗುರುತು ಹಾಕಿದ ಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ಮೊದಲು ಪೆರೋನ್ ಅಧ್ಯಾಯ ತಿದ್ದು. 1468ರ ಅಕ್ಟೋಬರಿನಲ್ಲಿ ಲೂಯಿ ಆ ಕೋಟೆಯಲ್ಲಿ ಸಿಕ್ಕಿಬಿದ್ದಾಗ ಕೊಮಿನ್ ಚಾರ್ಲ್ಸನ ಕೋಣೆಯಲ್ಲೇ ಮಲಗುತ್ತಿದ್ದ, ಹಾಗಾಗಿ ಅವನ ಮಾತಿಗೆ ತೂಕವಿದೆ. ಲೂಯಿಗೆ ಒಳಗಿನಿಂದ ಸುದ್ದಿ ಮುಟ್ಟಿಸಿದ ಮಿತ್ರನೊಬ್ಬನಿದ್ದ ಎಂದು ಅವನೇ ಬರೆಯುತ್ತಾನೆ, ಹೆಸರು ಹೇಳುವುದಿಲ್ಲ. ನಾಲ್ಕು ವರ್ಷದ ನಂತರ ಲೂಯಿ ಅವನಿಗೆ ಏನೇನು ಕೊಟ್ಟ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡು ಆ ಪುಟಗಳನ್ನು ಇನ್ನೊಮ್ಮೆ ಓದಿ, ಆಮೇಲೆ ಬರೆದು ಕಳಿಸು.

ನಿನ್ನ ಹಿತೈಷಿ