ಮೂರು ತಿಂಗಳಿಗೊಂದು ಟೂರ್ ಬೇಡ, ವಾರಕ್ಕೆರಡು ಟ್ರಿಪ್ ಬಿಡಿ

ಮಾನ್ಯ ಸಂಪಾದಕರೇ,

ಹಿರಿಯರಿಗಾಗಿಯೇ ಕಟ್ಟಿದ ವಸತಿ ಸಮುಚ್ಚಯಗಳ ಜಾಹೀರಾತು ಪತ್ರಿಕೆಗಳಲ್ಲಿ ಈಗ ಜಾಸ್ತಿ ಆಗಿದೆ. ಬೆಳ್ಳಿ ಕೂದಲಿನ ಗಂಡ ಹೆಂಡತಿ ಹುಲ್ಲಿನ ಮೇಲೆ ನಗುತ್ತಾ ನಡೆಯುತ್ತಿರುತ್ತಾರೆ. ಕೆಳಗೆ ‘ದಿನಕ್ಕೊಂದು ಚಟುವಟಿಕೆ, ಆಗಾಗ ಪ್ರವಾಸ’ ಎಂದು ಬರೆದಿರುತ್ತದೆ. ಮೈಸೂರಿನ ರಿಂಗ್ ರಸ್ತೆ ಆಚೆ ಅಂಥದ್ದೇ ಒಂದು ಜಾಗದಲ್ಲಿ ನಾನೂ ನನ್ನ ಹೆಂಡತಿಯೂ ಕೆಲವು ವರ್ಷಗಳಿಂದ ಇದ್ದೇವೆ. ಊಟ ಚೆನ್ನಾಗಿದೆ. ರಾತ್ರಿ ಕರೆದರೂ ನರ್ಸ್ ಬರುತ್ತಾರೆ. ಲಿಫ್ಟ್ ಕೆಟ್ಟರೆ ಅವತ್ತೇ ರಿಪೇರಿ. ಅದರ ಬಗ್ಗೆ ನನ್ನ ದೂರಿಲ್ಲ. ಜಾಹೀರಾತಿನ ಕೊನೇ ಸಾಲಿನ ಬಗ್ಗೆ ಮಾತ್ರ ಎರಡು ಮಾತು ಹೇಳಬೇಕು.

ನಾನು ಕೆ.ಎಸ್‌.ಆರ್‌.ಟಿ.ಸಿ.ಯಲ್ಲಿ ಕಂಡಕ್ಟರ್ ಆಗಿ ಸೇರಿ, ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಎಷ್ಟು ಹೊತ್ತಿಗೆ ಮರಳಬೇಕು ಅನ್ನೋದೇ ನನ್ನ ಕೆಲಸವಾಗಿತ್ತು. ಹಾಗಾಗಿ ನಮ್ಮ ನೋಟಿಸ್ ಬೋರ್ಡಿನಲ್ಲಿ ‘ಒಂದೇ ದಿನದಲ್ಲಿ ಸೋಮನಾಥಪುರ, ತಲಕಾಡು, ಶಿವನಸಮುದ್ರ’ ಎಂಬ ಚೀಟಿ ನೋಡಿದಾಗ ಬೇರೆಯವರು ಪ್ರವಾಸ ಅಂತ ಓದಿದರು. ನಾನು ಶೆಡ್ಯೂಲ್ ಅಂತ ಓದಿದೆ.

ಲೆಕ್ಕ ಕೇಳಿ. ಹೊರಟವರು 28 ಜನ. ಬಾಡಿಗೆ ಬಸ್ಸಿನ ಮೊದಲ ಮೆಟ್ಟಿಲು ಎತ್ತರ. ಮಂಡಿ ಆಪರೇಷನ್ ಆದವರು ಕಂಬಿ ಹಿಡಿದು, ಒಳ್ಳೇ ಕಾಲು ಮೊದಲು ಇಟ್ಟು, ಕೋಲನ್ನು ಹಿಂದಿನವರ ಕೈಗೆ ಕೊಟ್ಟು ಹತ್ತಬೇಕು. ಒಬ್ಬರಿಗೆ ಒಂದು ನಿಮಿಷ ಬೇಕೇ ಬೇಕು. ಇಳಿಯೋಕೆ 28 ನಿಮಿಷ, ಹತ್ತೋಕೆ 28 ನಿಮಿಷ. ಮೂರು ಜಾಗ, ಜೊತೆಗೆ ತಿಂಡಿ, ಊಟ. ಒಟ್ಟು ಐದು ಕಡೆ. ಅಂದರೆ ನಾಲ್ಕೂವರೆ ಗಂಟೆಗಿಂತ ಜಾಸ್ತಿ ಹೊತ್ತು ಬಸ್ಸಿನ ಬಾಗಿಲಲ್ಲೇ ಹೋಯಿತು. ಇದನ್ನು ಮುಂಚೆಯೇ ಮ್ಯಾನೇಜರ್ ಹುಡುಗನಿಗೆ ಹೇಳಿದೆ. ‘ಅಡ್ಜಸ್ಟ್ ಮಾಡ್ಕೊಳ್ಳೋಣ ಅಂಕಲ್’ ಅಂದ.

ಅಡ್ಜಸ್ಟ್ ಹೇಗಾಯಿತು ಅಂದರೆ, ಸೋಮನಾಥಪುರದ ದೇವಸ್ಥಾನಕ್ಕೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಬೇಲೂರು, ಹಳೇಬೀಡಿನ ಜೊತೆ ಅದೂ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು, ಗೊತ್ತಲ್ಲ. ಒಳಗೆ ಛಾವಣಿಯಲ್ಲಿ ಕೆತ್ತಿರುವ ಬಾಳೆಮೊಗ್ಗನ್ನು ಗೈಡ್ ಟಾರ್ಚ್ ಹಾಕಿ ತೋರಿಸುತ್ತಿದ್ದ. ನಾವೆಲ್ಲ ಕತ್ತೆತ್ತಿ, ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಹೊರಗೆ ವಿಷಲ್! ತಲಕಾಡಿನಲ್ಲಿ ಮರಳು. ನಮ್ಮ ಪಕ್ಕದ ಮನೆಯ ಟೀಚರಮ್ಮನ ವಾಕರ್ ಕಾಲು ನಾಲ್ಕು ಹೆಜ್ಜೆಗೇ ಹೂತುಕೊಂಡಿತು. ಅವರು ಅಲ್ಲೇ ನಿಂತು, ‘ತಲಕಾಡು ಮರಳಾಗಲಿ ಅಂತ ಶಾಪ ಹಾಕುವಾಗ ಅಲಮೇಲಮ್ಮ ನನ್ನ ವಾಕರ್ ಯೋಚನೆ ಮಾಡಲಿಲ್ಲ ನೋಡಿ’ ಅಂದರು. ಎಲ್ಲರೂ ನಕ್ಕೆವು. ಆದರೆ ಅವರು ಒಂದು ಗುಡಿಯನ್ನೂ ನೋಡದೆ ಬಸ್ಸಿಗೆ ವಾಪಸ್ ಬಂದರು. ಶಿವನಸಮುದ್ರಕ್ಕೆ ಹೋದಾಗ ಸಂಜೆಯಾಗಿತ್ತು. ಭರಚುಕ್ಕಿಯ ಮೆಟ್ಟಿಲು ಇಳಿಯೋ ಮಾತೇ ಇಲ್ಲ. ಮೇಲಿನಿಂದಲೇ ನೋಡಿದೆವು. ಅಲ್ಲಿ ಗ್ರೂಪ್ ಫೋಟೊ ಆಯಿತು. ರಾತ್ರಿಯೊಳಗೆ ಅದು ಮಕ್ಕಳ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿ, ಅಮೆರಿಕದಿಂದ ಮಗ ಫೋನ್ ಮಾಡಿ ‘ಎಂಜಾಯ್ ಮಾಡಿದ್ರಾ ಅಪ್ಪ’ ಅಂದ. ಹೂಂ ಅಂದೆ. ಇನ್ನೇನು ಹೇಳಲಿ?

ಆ ಫೋಟೊದಲ್ಲಿ ಕಾಣದ ಸಂಗತಿ ಒಂದಿದೆ. ಮುಜುಗರಪಡದೆ ಬರೆಯುತ್ತೇನೆ. ಪ್ರವಾಸದ ದಿನ ನಮ್ಮಲ್ಲಿ ಅನೇಕರು ಬೆಳಿಗ್ಗೆಯ ನೀರಿನ ಮಾತ್ರೆ ನುಂಗುವುದಿಲ್ಲ. ಬಿ.ಪಿ.ಗೆ, ಕಾಲು ಊತಕ್ಕೆ ಕೊಡುವ, ಮೂತ್ರ ಜಾಸ್ತಿ ಮಾಡಿಸುವ ಮಾತ್ರೆ ಅದು. ಹೆಂಗಸರಂತೂ ಮಾತ್ರೆಯೂ ಬಿಟ್ಟು, ನೀರು ಕುಡಿಯುವುದನ್ನೂ ಬಿಡುತ್ತಾರೆ. ಯಾಕೆ ಅಂದರೆ ದಾರಿಯಲ್ಲಿ ಶೌಚಾಲಯ ಎಲ್ಲಿ ಸಿಗುತ್ತೋ, ಸಿಕ್ಕರೂ ಕಮೋಡ್ ಇರುತ್ತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ. ಕುಕ್ಕುರುಗಾಲಿನಲ್ಲಿ ಕೂತರೆ ಏಳೋದು ಯಾರು? ನಮ್ಮಲ್ಲಿರುವ ನಿವೃತ್ತ ನರ್ಸಮ್ಮ ಇದನ್ನು ಕಂಡು ಬೈಯುತ್ತಾರೆ. ಮಾತ್ರೆ ನೀವಾಗಿ ನೀವೇ ಬಿಡಬೇಡಿ, ಹೊತ್ತು ಬದಲಾಯಿಸಬಹುದಾ ಅಂತ ಡಾಕ್ಟರ್ ಹತ್ತಿರ ಕೇಳಿ ಅನ್ನುತ್ತಾರೆ. ಅವರ ಮಾತು ಸರಿ. ಆದರೆ ಪ್ರವಾಸ ಗೊತ್ತುಮಾಡುವವರು ಮೊದಲು ವಿಚಾರಿಸಬೇಕಾದ್ದು ಗುಡಿಯ ಇತಿಹಾಸವನ್ನಲ್ಲ, ಗುಡಿಯಿಂದ ನೂರು ಹೆಜ್ಜೆಯೊಳಗೆ ಕಮೋಡ್ ಇದೆಯಾ ಅನ್ನೋದನ್ನು. ಒಂದು ಮರದ ಸ್ಟೂಲು ಬಸ್ಸಿನಲ್ಲಿ ಇಟ್ಟುಕೊಂಡರೆ ಮೊದಲ ಮೆಟ್ಟಿಲಿನ ಕಷ್ಟವೂ ಅರ್ಧ ಇಳಿಯುತ್ತದೆ. ಇದಕ್ಕೆ ಬಜೆಟ್ ಬೇಕಾ?

ಇನ್ನೊಂದು ಸಲ ಮೃಗಾಲಯಕ್ಕೆ ಕರೆದುಕೊಂಡು ಹೋದರು. ಮಂಗಳವಾರ! ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ ಅನ್ನೋದು ಈ ಊರಿನ ಚಿಕ್ಕ ಮಕ್ಕಳಿಗೂ ಗೊತ್ತು. ಇರಲಿ, ಪಕ್ಕದಲ್ಲೇ ಕಾರಂಜಿ ಕೆರೆ ಇದೆಯಲ್ಲ ಅಂದರು. ಅದಕ್ಕೂ ಮಂಗಳವಾರವೇ ರಜೆ. ಕೊನೆಗೆ ನಜರಬಾದಿನಲ್ಲಿ ಮೈಲಾರಿ ದೋಸೆ ತಿಂದು ಬಂದೆವು. ನಿಜ ಹೇಳಬೇಕೆಂದರೆ ಅವತ್ತೇ ಎಲ್ಲರೂ ಜಾಸ್ತಿ ಖುಷಿಯಾಗಿದ್ದರು. ಒಂದೇ ಜಾಗ, ಕೂರೋಕೆ ಕುರ್ಚಿ, ಬಿಸಿ ದೋಸೆ ಮೇಲೆ ಬೆಣ್ಣೆ, ಓಡಿ ಓಡಿ ಅನ್ನೋರು ಯಾರೂ ಇಲ್ಲ. ಮೇಷ್ಟ್ರೊಬ್ಬರು ಕಾಲೇಜು ದಿನಗಳಲ್ಲಿ ಅಲ್ಲಿಗೆ ಬರುತ್ತಿದ್ದ ಕತೆ ತೆಗೆದರು. ಅದು ಮುಗಿಯುವ ಹೊತ್ತಿಗೆ ಎರಡನೇ ಸುತ್ತು ಕಾಫಿ ಆಗಿತ್ತು.

ಈ ಮಂಗಳವಾರದ ವಿಷಯ ಸುಮ್ನೆ ಹೇಳಲಿಲ್ಲ. ನಮ್ಮ ವ್ಯಾನಿನ ಡ್ರೈವರ್‌ಗೆ ವಾರದ ರಜೆ ಭಾನುವಾರ. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆ ದಿನಗಳ ಸಂಜೆ. ರಂಗಾಯಣದ ನಾಟಕಗಳೂ ಹೆಚ್ಚಾಗಿ ಭಾನುವಾರದ ಸಂಜೆಯೇ. ಅಂದರೆ ಊರು ಕಳೆಕಟ್ಟುವ ಹೊತ್ತಿಗೆ ಸರಿಯಾಗಿ ನಮ್ಮ ವ್ಯಾನು ಶೆಡ್ಡಿನಲ್ಲಿ ನಿಂತಿರುತ್ತದೆ! ಅರಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದು, ಇಲ್ಲಿಗೆ ಬಂದ ಮೇಲೆ ಒಮ್ಮೆಯೂ ಆ ದೀಪ ನೋಡದವರು ನಮ್ಮಲ್ಲಿದ್ದಾರೆ. ಡ್ರೈವರ್ ರಜೆಯನ್ನು ಮಂಗಳವಾರಕ್ಕೆ ಹಾಕಿ ಅಂತ ಬರೆದುಕೊಟ್ಟೆ. ಡಿಪೋದಲ್ಲಿ ಐದು ನಿಮಿಷದಲ್ಲಿ ಆಗುವ ಕೆಲಸ. ಡ್ರೈವರ್‌ಗೂ ಒಪ್ಪಿಗೆ ಇತ್ತು, ಅವನ ಹೆಂಡತಿ ಕೆಲಸ ಮಾಡುವ ಅಂಗಡಿಗೂ ಮಂಗಳವಾರವೇ ರಜೆಯಂತೆ. ಆದರೆ ಅಡುಗೆಮನೆ ರಾತ್ರಿ ಎಂಟಕ್ಕೆ ಮುಚ್ಚುತ್ತೆ, ತಡವಾಗಿ ಬಂದರೆ ಊಟ ಇರಲ್ಲ ಅನ್ನೋ ಉತ್ತರ ಬಂತು. ಡಬ್ಬಿಯಲ್ಲಿ ಚಪಾತಿ ಪಲ್ಯ ಎತ್ತಿಡೋಕೆ ಆಗಲ್ವಾ ಸ್ವಾಮಿ?

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಮೂರು ತಿಂಗಳಿಗೊಮ್ಮೆ ಬ್ಯಾನರ್ ಕಟ್ಟಿದ ದೊಡ್ಡ ಪ್ರವಾಸ ನಿಲ್ಲಿಸಿ. ಆ ದುಡ್ಡಿನಲ್ಲಿ ಹನ್ನೆರಡು ಸೀಟಿನ ವ್ಯಾನು ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ ಊರೊಳಗೆ ಹೋಗಿ ಬರಲಿ. ಬುಧವಾರ ಬೆಳಿಗ್ಗೆ 9.30ಕ್ಕೆ ಹೊರಟು ಊಟದ ಹೊತ್ತಿಗೆ ವಾಪಸ್. ಭಾನುವಾರ 4.30ಕ್ಕೆ ಹೊರಟು 8.30ಕ್ಕೆ ವಾಪಸ್. ಹೆಸರು ಬರೆಸಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಒಬ್ಬರೇ ಬಂದರೂ ವ್ಯಾನು ಹೊರಡಬೇಕು. ಇದು ಮುಖ್ಯ. ‘ಜನ ಬರಲ್ಲ ಅಂಕಲ್, ಹಾಕಿ ನೋಡಿದ್ದೀವಿ’ ಅನ್ನುತ್ತಾರೆ. ಎರಡು ವಾರ ಹಾಕಿದ್ದರು, ಮೂರನೇ ವಾರ ನಾಲ್ಕೇ ಜನ ಇದ್ದಾರೆ ಅಂತ ನಿಲ್ಲಿಸಿದರು. ನಮ್ಮ ಇಲಾಖೆಯಲ್ಲಿ ಹೊಸ ರೂಟ್ ಶುರುವಾದಾಗ ಖಾಲಿ ಬಸ್ಸು ಓಡಿಸುವುದು ನೋಡಿ ಜನ ನಗುತ್ತಿದ್ದರು. ಆದರೆ ಹಳ್ಳಿಯವರು ಬಸ್ಸನ್ನು ನಂಬುವುದು ಅದು ಮಳೆಯಲ್ಲೂ ಅದೇ ಹೊತ್ತಿಗೆ ಬಂದಾಗ. ನಂಬಿದ ಮೇಲೆ ಸಂತೆ, ಆಸ್ಪತ್ರೆ, ಮದುವೆ ಎಲ್ಲವನ್ನೂ ಆ ಬಸ್ಸಿನ ಟೈಮಿಗೆ ಹೊಂದಿಸಿಕೊಳ್ಳುತ್ತಾರೆ. ಒಂದು ಟ್ರಿಪ್ ಕ್ಯಾನ್ಸಲ್ ಮಾಡಿ ನೋಡಿ, ಮರುವಾರ ನಿಲ್ದಾಣದಲ್ಲಿ ಅರ್ಧ ಜನ ಇರಲ್ಲ.

ಊರೊಳಗೆ ಹೋಗಿ ಏನು ಮಾಡುತ್ತೀರಿ ಅಂತ ಕೇಳಬಹುದು. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತೇವೆ. ನವೆಂಬರ್‌ನಲ್ಲಿ ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು. ಅದೆಲ್ಲ ಮೊಬೈಲಿನಲ್ಲೇ ಆಗುತ್ತೆ ಅನ್ನೋರಿದ್ದಾರೆ, ಆಗಲಿ. ಆದರೆ ಕೌಂಟರಿನಲ್ಲಿ ‘ಏನ್ಸಾರ್, ಚೆನ್ನಾಗಿದ್ದೀರಾ’ ಅಂತ ಮೊಬೈಲ್ ಕೇಳಲ್ಲ ಅಲ್ವಾ. ದೇವರಾಜ ಮಾರುಕಟ್ಟೆಗೆ ಹೋದ ದಿನ ನರ್ಸಮ್ಮನನ್ನು ನೀವು ನೋಡಬೇಕಿತ್ತು. ಹೂವಿನವನು ಮೊಳ ಹಾಕುವಾಗ ಕೈ ತಡೆದು, ‘ನಿನ್ನ ಮೊಳ ಬೇಡಪ್ಪ, ನನ್ನ ಮೊಳ ಹಾಕು’ ಅಂತ ತಮ್ಮ ಮೊಳಕೈಯಿಂದ ಬೆರಳ ತುದಿಯವರೆಗೆ ಮಲ್ಲಿಗೆ ಹಿಡಿಸಿ ಅಳತೆ ಮಾಡಿಸಿದರು. ಅವರ ಕೈ ಅವನ ಕೈಗಿಂತ ಗಿಡ್ಡ! ಅವನು ಏನೂ ಹೇಳದೆ ಕತ್ತರಿಸಿ, ಮೇಲೆ ಎರಡು ಎಳೆ ಸುಮ್ನೆ ಸೇರಿಸಿದ. ತಂಬೋಲ ಆಟದಲ್ಲಿ ಪ್ಲಾಸ್ಟಿಕ್ ಡಬ್ಬಿ ಗೆದ್ದಾಗ ಅವರ ಮುಖದಲ್ಲಿ ಆ ಕಳೆ ನಾನು ಕಂಡಿಲ್ಲ.

ನಮ್ಮ ಹೆಂಗಸರು ಕಾಯುತ್ತಾ ಕೂತಿಲ್ಲ ಅನ್ನೋದನ್ನೂ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಗಟ್ಟಿಯಾಗಿರುವ ನಾಲ್ಕೈದು ಜನ ಆಧಾರ್ ಕಾರ್ಡ್ ಹಿಡಿದು ಗೇಟಿನ ಮುಂದೆಯೇ ಸಿಟಿ ಬಸ್ ಹತ್ತುತ್ತಾರೆ. ಶೂನ್ಯ ಟಿಕೆಟ್ ತೆಗೆದುಕೊಂಡು ಮಾರುಕಟ್ಟೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಂಜನಗೂಡು. ಶ್ರೀಕಂಠೇಶ್ವರನ ದರ್ಶನ ಮಾಡಿ, ಅಲ್ಲೇ ಊಟ ಮಾಡಿ, ನಾಲ್ಕು ಗಂಟೆಗೆ ವಾಪಸ್. ನಮಗೆ ಗಂಡಸರಿಗೆ 60 ದಾಟಿದ್ದಕ್ಕೆ ಟಿಕೆಟ್‌ನಲ್ಲಿ ಶೇ 25 ರಿಯಾಯಿತಿ ಉಂಟು, ಅಷ್ಟೇ. ಪಾಪ, ಒಬ್ಬರಿಗೆ ಮಾತ್ರ ಶಕ್ತಿ ಸಿಗಲ್ಲ. ಮಗನ ಮನೆಯಲ್ಲಿದ್ದಾಗ ಆಧಾರ್‌ಗೆ ಪುಣೆ ವಿಳಾಸ ಹಾಕಿಸಿದ್ದರು. ಯೋಜನೆ ಕರ್ನಾಟಕದ ವಿಳಾಸ ಇರೋರಿಗೆ. ಮೊದಲ ದಿನ ಉಳಿದವರೆಲ್ಲ ಸೇರಿ ಅವರ ಟಿಕೆಟ್ ದುಡ್ಡು ಕೊಟ್ಟರು. ಈಗ ಅವರು ವಿಳಾಸ ಬದಲಾವಣೆಗೆ ಅರ್ಜಿ ಹಾಕಿದ್ದಾರೆ.

ಇದು ಕಚೇರಿಗೆ ಗೊತ್ತಾದ ಮೇಲೆ ಒಂದು ಫಾರಂ ಬಂತು. ಹೊರಗೆ ಹೋಗುವವರು ಮಗ ಅಥವಾ ಮಗಳ ಒಪ್ಪಿಗೆ ಪತ್ರ ತರಬೇಕಂತೆ. ಟೀಚರಮ್ಮ ಅದನ್ನು ಓದಿ, ಕೆಂಪು ಪೆನ್ನಿನಲ್ಲಿ ಕಾಗುಣಿತ ತಿದ್ದಿ ವಾಪಸ್ ಕಳಿಸಿದರು. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ನಮ್ಮನ್ನು ನೋಡಿಕೊಳ್ಳುವ ಹೊಣೆಯನ್ನು ಮಕ್ಕಳಿಗೆ ಕೊಟ್ಟಿದೆ. ನಾವು ನಂಜನಗೂಡಿಗೆ ಹೋಗೋಕೆ ಅವರ ರುಜು ಬೇಕು ಅಂತ ಹೇಳಿಲ್ಲ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಅಂತ ಗೇಟಿನ ಪುಸ್ತಕದಲ್ಲಿ ಬರೆಯೋಕೆ ನಮ್ಮ ಅಡ್ಡಿಯಿಲ್ಲ, ಫೋನ್ ಕೂಡ ಒಯ್ಯುತ್ತೇವೆ. ಮರೆವಿನ ಕಾಯಿಲೆ ಇರೋರ ಮಾತು ಬೇರೆ, ಅವರ ಜೊತೆ ಒಬ್ಬರು ಇರಲೇಬೇಕು. ಎಲ್ಲರಿಗೂ ಒಂದೇ ಫಾರಂ ಯಾಕೆ?

ಒಳಗಿನ ಚಟುವಟಿಕೆಗಳ ಬಗ್ಗೆ ಜಾಸ್ತಿ ಬರೆಯಲ್ಲ. ನಗೆಕೂಟ, ಬಲೂನ್ ಆಟ, ಚಿತ್ರಕ್ಕೆ ಬಣ್ಣ ತುಂಬುವುದು ಇವೆಲ್ಲ ಫೋಟೊ ತೆಗೆಯುವವರೆಗೆ ನಡೆಯುತ್ತವೆ. ನಾವೇ ಶುರು ಮಾಡಿದ ಇಸ್ಪೀಟು, ಚೌಕಾಬಾರ ಮಾತ್ರ ಕರೆಂಟ್ ಹೋದರೂ ನಿಲ್ಲುವುದಿಲ್ಲ. ಅಷ್ಟು ಹೇಳಿದರೆ ಸಾಕು.

ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಅಲ್ಲಿನ ಸರ್ಕಾರದ ದೊಡ್ಡ ಡಾಕ್ಟರ್ ಆಗಿದ್ದಾಗ, 2023ರಲ್ಲಿ ಒಂಟಿತನದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಜನರ ಒಡನಾಟ ಇಲ್ಲದಿದ್ದರೆ ಆಯಸ್ಸಿಗೆ ಆಗುವ ಪೆಟ್ಟನ್ನು ದಿನಕ್ಕೆ 15 ಸಿಗರೇಟು ಸೇದುವುದಕ್ಕೆ ಹೋಲಿಸಿದ್ದರು. ನಮ್ಮ ಮಕ್ಕಳು ಆ ವರದಿಯ ಸುದ್ದಿಯನ್ನು ನಮಗೆ ಫಾರ್ವರ್ಡ್ ಮಾಡುತ್ತಾರೆ. ಅದರ ಬದಲು ಮ್ಯಾನೇಜರಿಗೆ ಫೋನ್ ಮಾಡಿ, ಭಾನುವಾರ ವ್ಯಾನು ಯಾಕಿಲ್ಲ ಅಂತ ಕೇಳಿದರೆ ಉಪಕಾರವಾಗುತ್ತದೆ. ಅವರ ಫೋನಿಗೆ ಸಿಗುವ ಬೆಲೆ ನಮ್ಮ ಅರ್ಜಿಗೆ ಸಿಗುವುದಿಲ್ಲ. ಬೇಜಾರಾದರೂ ಇರೋದು ಹಾಗೇ.

ಕೊನೆಗೆ ನಿಮ್ಮಲ್ಲೂ ಒಂದು ಕೇಳಿಕೆ ಇದೆ. ಊರಿನಲ್ಲಿ ಇವತ್ತು ಏನೇನಿದೆ ಅಂತ ಕಾರ್ಯಕ್ರಮಗಳ ಪಟ್ಟಿ ಹಾಕುತ್ತೀರಿ. ಬೆಳಿಗ್ಗೆ ಕಾಫಿ ಜೊತೆ ನಾವು ಮೊದಲು ಓದುವುದು ಅದನ್ನೇ. ಜಾಗ, ಸಮಯ, ಅತಿಥಿಗಳ ಹೆಸರು ಎಲ್ಲ ಇರುತ್ತದೆ. ಅಧ್ಯಕ್ಷತೆ ಯಾರದು ಅನ್ನೋದು ನಮಗೆ ಅಷ್ಟು ಮುಖ್ಯವಲ್ಲ, ಬೇಕಿದ್ದರೆ ಆ ಸಾಲು ಬಿಡಿ. ಆ ಜಾಗದಲ್ಲಿ ಮೂರು ವಿಷಯ ಹಾಕಿ: ಸಭಾಂಗಣಕ್ಕೆ ಎಷ್ಟು ಮೆಟ್ಟಿಲು, ಕಮೋಡ್ ಇರುವ ಶೌಚಾಲಯ ಇದೆಯೇ, ಕಾರ್ಯಕ್ರಮ ಎಷ್ಟು ಹೊತ್ತಿಗೆ ಮುಗಿಯುತ್ತದೆ. ಸಂಘಟಕರು ಪ್ರಕಟಣೆ ಕಳಿಸುವಾಗಲೇ ಇದನ್ನು ಬರೆದು ಕಳಿಸಬೇಕು ಅಂತ ನೀವು ಹೇಳಿದರೆ ಅವರು ಕಳಿಸಿಯೇ ಕಳಿಸುತ್ತಾರೆ. ಮುಗಿಯುವ ಹೊತ್ತು ಗೊತ್ತಾದರೆ ವ್ಯಾನಿನ ಟೈಮ್ ನಾನೇ ಹಾಕಿಕೊಡುತ್ತೇನೆ.

ಇತಿ,
ನಿವೃತ್ತ ಸಂಚಾರ ನಿಯಂತ್ರಕ, ಮೈಸೂರು