ಆ ನಾಲ್ಕು ದನಿಯೂ ಒಬ್ಬರದೇ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಹಳೆಯ ಅಮೆರಿಕನ್ ಹಾಡುಗಳ ಬಗ್ಗೆ ಬಂದ ಲೇಖನ ಸೊಗಸಾಗಿತ್ತು. ಆದರೆ ‘ಪ್ಯಾಟಿ ಪೇಜ್ ಕ್ವಾರ್ಟೆಟ್’ ಅನ್ನುವುದು ನಾಲ್ವರು ಗಾಯಕಿಯರ ತಂಡ ಎಂದು ಬರೆದದ್ದು ತಪ್ಪು. ಅಂಥ ತಂಡವೇ ಇರಲಿಲ್ಲ. ನಾಲ್ಕು ದನಿಯೂ ಗಾಯಕಿ ಪ್ಯಾಟಿ ಪೇಜ್ ಒಬ್ಬರದೇ.

ಈಕೆ ಓಕ್ಲಹೋಮಾದ ಕ್ಲೇರ್‌ಮೋರ್‌ನಲ್ಲಿ 1927ರಲ್ಲಿ ಹುಟ್ಟಿದ ಕ್ಲಾರಾ ಆ್ಯನ್ ಫೌಲರ್. ಟಲ್ಸಾದ ರೇಡಿಯೊ ಕಾರ್ಯಕ್ರಮವೊಂದಕ್ಕೆ ಪೇಜ್ ಎಂಬ ಹಾಲಿನ ಕಂಪನಿ ದುಡ್ಡು ಕೊಡುತ್ತಿತ್ತು. ಆ ಕಂಪನಿಯ ಹೆಸರೇ ಗಾಯಕಿಗೂ ಅಂಟಿತು.

1947ರ ಕೊನೆಗೆ ಮರ್ಕ್ಯುರಿ ಎಂಬ ರೆಕಾರ್ಡ್ ಕಂಪನಿಗಾಗಿ ‘ಕನ್ಫೆಸ್’ ಹಾಡುವಾಗ ಜೊತೆಗೆ ದನಿಗೂಡಿಸುವವರು ಸಿಗಲಿಲ್ಲ. ಆ ಎರಡನೆಯ ದನಿಯನ್ನೂ ಆಕೆಯೇ ಹಾಡಿ ಸೇರಿಸಿದರು. ಮುಂದೆ ‘ವಿತ್ ಮೈ ಐಸ್ ವೈಡ್ ಓಪನ್’ ಹಾಡಿನಲ್ಲಿ ಎರಡು ನಾಲ್ಕಾಯಿತು. ಕ್ವಾರ್ಟೆಟ್ ಎಂಬ ಹೆಸರು ಅಲ್ಲಿಂದ ಬಂದದ್ದು.

ಇದು ಸುಲಭದ ಕೆಲಸವಾಗಿರಲಿಲ್ಲ. ಇಂದಿನಂತೆ ಒಂದೊಂದು ದನಿಗೆ ಒಂದೊಂದು ಟ್ರ್ಯಾಕ್ ಇರಲಿಲ್ಲ. ವಾದ್ಯಮೇಳದೊಂದಿಗೆ ಮೊದಲ ದನಿಯನ್ನು ಲ್ಯಾಕರ್ ಡಿಸ್ಕಿಗೆ, ಅಂದರೆ ಮೆತ್ತನೆಯ ಅರಗಿನಂಥ ಲೇಪವಿರುವ ತಟ್ಟೆಗೆ, ಹಾಡಬೇಕು. ಅದನ್ನು ನುಡಿಸುತ್ತಾ, ಕಿವಿಯಲ್ಲಿ ಕೇಳುತ್ತಾ, ಎರಡನೆಯದನ್ನು ಹಾಡಬೇಕು. ಎರಡೂ ಸೇರಿ ಹೊಸ ಡಿಸ್ಕಿಗೆ ಇಳಿಯುತ್ತವೆ. ನಾಲ್ಕು ದನಿ ಬೇಕಾದರೆ ಮೊದಲ ದನಿ ಮೂರು ಸಲ ನಕಲಾಗುತ್ತದೆ. ಪ್ರತಿ ನಕಲಿಗೂ ಚರಚರ ಸದ್ದು ಏರುತ್ತದೆ, ತಾರಸ್ವರಗಳ ಹೊಳಪು ಇಳಿಯುತ್ತದೆ, ‘ಸ’ಕಾರ ಮಂಕಾಗುತ್ತದೆ. ಹಾಗಾಗಿ ಮುಖ್ಯ ದನಿಯನ್ನು ಕೊನೆಗೆ ಉಳಿಸಿಕೊಳ್ಳುವುದು ಜಾಣತನ. ಇದೇ ದಾರಿ ಹಿಡಿದ ಗಿಟಾರ್ ವಾದಕ ಲೆಸ್ ಪಾಲ್ ಕೂಡ ಅಷ್ಟೇನೂ ಮುಖ್ಯವಲ್ಲದ ಭಾಗಗಳನ್ನೇ ಮೊದಲು ಮುಗಿಸುತ್ತಿದ್ದರು. ನುಡಿಸುವ ಯಂತ್ರದ ವೇಗ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಶ್ರುತಿ ಸರಿಯುತ್ತದೆ; ಆಮೇಲೆ ಎಷ್ಟು ಚೆನ್ನಾಗಿ ಹಾಡಿದರೂ ಹೊಂದುವುದಿಲ್ಲ. ನಾಲ್ಕನೆಯ ಸುತ್ತಿನಲ್ಲಿ ತಪ್ಪಿದರೆ ಮೂರನೆಯದಕ್ಕೆ ಮರಳಬಹುದು, ನಿಜ. ಆದರೆ ಲ್ಯಾಕರ್ ಮೆತ್ತಗಿರುವುದರಿಂದ ನುಡಿಸಿದಷ್ಟೂ ಗೀರು ಸವೆಯುತ್ತದೆ. ಇಷ್ಟು ಸಾಲದೆಂಬಂತೆ, ಪದದ ಕೊನೆಯ ‘ಸ್’, ‘ಟ್’ಗಳು ನಾಲ್ಕೂ ದನಿಯಲ್ಲಿ ಒಂದೇ ಕ್ಷಣಕ್ಕೆ ಬೀಳದಿದ್ದರೆ ಜಲ್ಲಿ ಸುರಿದಂತೆ ಕೇಳುತ್ತದೆ. ಪೇಜ್ ಹಾಡಿನಲ್ಲಿ ಆ ಜಾಗಗಳನ್ನು ಗಮನಿಸಿ ಕೇಳಿ, ಎಷ್ಟು ಅಚ್ಚುಕಟ್ಟು!

ಈ ಉಪಾಯವನ್ನು ಕಂಡುಹಿಡಿದವರೇ ಆಕೆ ಎಂದು ಹೊಗಳುವುದೂ ಸರಿಯಲ್ಲ. 1941ರಲ್ಲೇ ಜಾಝ್ ವಾದಕ ಸಿಡ್ನಿ ಬೆಶೆ ಆರು ವಾದ್ಯಗಳನ್ನು ಒಬ್ಬರೇ ನುಡಿಸಿ ಹೀಗೆ ಜೋಡಿಸಿದ್ದರು. ಪಾಪ್ ಗಾಯನದಲ್ಲಿ ಇದನ್ನು ಮನೆಮಾತಾಗಿಸಿದ್ದು ಪೇಜ್.

‘ಟೆನೆಸ್ಸಿ ವಾಲ್ಟ್ಜ್’ ಹಾಡು ಪೇಜ್ ಅವರ ರಚನೆ ಎಂಬ ಲೇಖನದ ಸಾಲನ್ನೂ ತಿದ್ದಬೇಕು. ಬರೆದವರು ಪೀ ವೀ ಕಿಂಗ್ ಮತ್ತು ರೆಡ್ ಸ್ಟುವರ್ಟ್. 1950ರ ಕೊನೆಗೆ ಬಂದ ಪೇಜ್ ರೆಕಾರ್ಡಿನಲ್ಲೂ ಅದು ಮುಖ್ಯ ಹಾಡಲ್ಲ, ಹಿಂಬದಿಯ ಭರ್ತಿ. ಕಂಪನಿ ನೆಚ್ಚಿಕೊಂಡಿದ್ದು ಇನ್ನೊಂದು ಮಗ್ಗುಲಿನ ಸಾಂತಾ ಕ್ಲಾಸ್ ಹಾಡನ್ನು. ಕ್ರಿಸ್‌ಮಸ್ ಕಳೆದರೂ ಜನ ಹಿಂಬದಿಯನ್ನೇ ಕೇಳುತ್ತಿದ್ದರು. ಮುಂದಿನ ಮುದ್ರಣಗಳಲ್ಲಿ ಸಾಂತಾ ಜಾಗ ಖಾಲಿ ಮಾಡಬೇಕಾಯಿತು.

— ಹಳೆ ರೆಕಾರ್ಡುಗಳ ಸಂಗ್ರಾಹಕ, ಮೈಸೂರು