ತೊಳೆದಿಟ್ಟ ತಾಟು

ಧಾರವಾಡ

ಚಿರಂಜೀವಿ ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಅತ್ತದ್ದು ಇನ್ನೂ ಮನಸ್ಸಿನಲ್ಲೇ ಇದೆ. "ನಾಲ್ಕು ತಿಂಗಳಾಯಿತು ಮಾವ, ಒಂದು ಪಲ್ಲವಿಯೂ ಹೊಳೆಯುತ್ತಿಲ್ಲ. ಖಾಲಿ ಆಗಿಬಿಟ್ಟೆ" ಅಂದೆ. ಆಗ ನನಗೆ ಸರಿಯಾಗಿ ಮಾತು ಬರಲಿಲ್ಲ. ಅದಕ್ಕೇ ಈ ಕಾಗದ.

ನೀನು ಖಾಲಿ ಆಗಿಲ್ಲ. ನನಗೆ ಅನಿಸಿದ್ದು ಬೇರೆ. ನಿನ್ನದೊಂದು ಹಾಡು ಜನಕ್ಕೆ ಇಷ್ಟವಾಯಿತು. ಆಮೇಲೆ ಬಂದವರೆಲ್ಲ "ಅದೇ ಥರದ್ದು ಇನ್ನೊಂದು ಬರೆದುಕೊಡಿ" ಅಂದರು. ನೀನು ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು, ಆ ಹಾಡನ್ನೇ ತಿರುಗಿ ತಿರುಗಿ ಕೇಳುತ್ತಾ ಕೂತೆ. ನಾಲ್ಕು ತಿಂಗಳಿಂದ ನಿನ್ನ ಕಿವಿಗೆ ನಿನ್ನ ಮಾತು ಬಿಟ್ಟು ಬೇರೆಯವರ ಮಾತೇ ಬಿದ್ದಿಲ್ಲ. ಹೊಸ ಮಾತು ಒಳಗೆ ಹೋಗದೆ ಹೊಸ ಪದ ಹೊರಗೆ ಹೇಗೆ ಬಂದೀತು?

ನನಗೆ ಆಗ ಇಪ್ಪತ್ತಾರು ವಯಸ್ಸು. ಊರ ಜಾತ್ರೆಗೆ ನಾಟಕ ಇತ್ತು. ದುಡಿಯಲು ದೂರ ಹೋದ ಗಂಡನಿಗೆ ಕಾಯುವ ಹೆಂಗಸಿನ ಹಾಡು ನನ್ನ ಪಾಲಿಗೆ ಬಂತು. ಹದಿನೈದು ದಿನ ಚಂದ್ರ, ಮೋಡ, ಕೋಗಿಲೆ ಎಲ್ಲರನ್ನೂ ಕರೆದು ನೋಡಿದೆ. ಒಂದೂ ಹಾರ್ಮೋನಿಯಂ ಜೊತೆ ಕೂಡಲಿಲ್ಲ. ಒಂದು ಮುಂಜಾನೆ ನಿನ್ನ ಅಜ್ಜಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯಾಕೆ ಹೊಸ್ತಿಲ ಹತ್ತಿರ ಕೂತಿದ್ದಳು. ಆಕೆಯ ಮಗ ಗೋವಾಕ್ಕೆ ಕೆಲಸಕ್ಕೆ ಹೋಗಿ ವರ್ಷವಾಗಿತ್ತು, ಸುದ್ದಿ ಇರಲಿಲ್ಲ. ಅವ್ವ ಏನೋ ಕೇಳಿದಳು. ಆಕೆ ಅಂದಳು: "ಅವನ ತಾಟು ದಿನಾ ತೊಳದ ಇಡ್ತೀನಿ. ಬಂದರ ಬೇಕಲ್ಲ?"

ರೊಟ್ಟಿಯ ಸದ್ದಿನ ಮೇಲೆ ಆ ಮಾತು ಬಂದು ಕೂತಿತು. ತಾಳ ಅಲ್ಲೇ ಇತ್ತು, ಪಲ್ಲವಿಯೂ ಅಲ್ಲೇ ಇತ್ತು. ಸಂಜೆಯೊಳಗೆ ಹಾಡು ಮುಗಿಯಿತು.

ಇದರ ಮುಂದಿನದನ್ನೂ ಹೇಳಬೇಕು. ನಾಟಕದ ರಾತ್ರಿ ಆಕೆ ಮುಂದಿನ ಸಾಲಿನಲ್ಲೇ ಕೂತಿದ್ದಳು. ಹಾಡು ಶುರುವಾದ ಕೂಡಲೇ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ಆಕೆಯ ಸಂಕಟವನ್ನು ನಾನು ಕೇಳದೆ ತೆಗೆದುಕೊಂಡಿದ್ದೆ. ಮರುದಿನ ಹೋಗಿ ಕಾಲಿಗೆ ಬಿದ್ದೆ. ಆಕೆ ಬೈಯಲಿಲ್ಲ, ಚಹಾ ಮಾಡಿ ಕೊಟ್ಟಳು. ಆ ತಪ್ಪು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಜನರ ಮಾತು ಕೇಳು, ಬರೆದಿಟ್ಟುಕೋ. ಆದರೆ ಇದು ಇಂಥವರ ನೋವು ಅಂತ ಗುರುತು ಸಿಗುವ ಹಾಗಿದ್ದರೆ, ಹಾಡುವ ಮೊದಲು ಅವರನ್ನು ಒಂದು ಮಾತು ಕೇಳು.

ಜನರ ಮಾತಿನಿಂದ ಹಾಡು ಕಟ್ಟುವುದು ನಾನು ಕಂಡುಹಿಡಿದ ದಾರಿಯಲ್ಲ. ಶಿಶುನಾಳ ಶರೀಫರು 1819ರಲ್ಲಿ ಹುಟ್ಟಿದವರು. ಅವರ ತತ್ವಪದಗಳಲ್ಲಿ ಸೋರುವ ಮಾಳಿಗೆ ಇದೆ, ಕೋಳಿ ಇದೆ, ತಂಬೂರಿ ಇದೆ. ಎಷ್ಟು ದೊಡ್ಡ ವಿಚಾರವನ್ನೂ ಮನೆಯೊಳಗಿನ ವಸ್ತುವಿನಿಂದಲೇ ಎತ್ತಿಕೊಂಡರು. ಬೇಂದ್ರೆ ಅಜ್ಜ ನಮ್ಮ ಧಾರವಾಡದ ಮಾತನ್ನೇ ಹಾಡು ಮಾಡಿದರು. ಅವರ ಮನೆಯಿದ್ದ ಸಾಧನಕೇರಿ ಕಡೆ ಹೋದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ.

ಏನೂ ಹೊಳೆಯದ ದಿನ ಸುಮ್ನೆ ಕೂರಬೇಡ, ಒಂದು ತ್ರಿಪದಿ ಕಟ್ಟು. ಮೂರೇ ಸಾಲು. ಮೊದಲ ಎರಡರಲ್ಲಿ ನಾಲ್ಕು ನಾಲ್ಕು ಗಣ, ಅಂದರೆ ಅಕ್ಷರಗಳ ಸಣ್ಣ ಗುಂಪು, ಕೊನೆಯದರಲ್ಲಿ ಮೂರು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಇದೆ. ಅಂದರೆ ಸುಮಾರು 1300 ವರ್ಷದಿಂದ ಕನ್ನಡದವರ ನಾಲಗೆಗೆ ಇದು ಹೊಂದಿಕೊಂಡಿದೆ. ಮೊದಮೊದಲು ಗಣ ಎಣಿಸುವುದೂ ಬೇಡ, ತೊಡೆಯ ಮೇಲೆ ತಾಳ ಹಾಕಿಕೋ ಸಾಕು. ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳು ಹಾಡಿದ್ದು ಹೆಚ್ಚಾಗಿ ಇದರಲ್ಲೇ. ಅವರಿಗೆ ಮೂಡ್ ಬರಲಿ ಅಂತ ಕಾಯುವ ಪುರುಸೊತ್ತು ಎಲ್ಲಿತ್ತು? ಹೊತ್ತು ಮೂಡುವುದರೊಳಗೆ ಜೋಳ ಬೀಸಬೇಕಿತ್ತು. ಕೈ ತಿರುಗುತ್ತಿತ್ತು, ತವರು ನೆನಪಾಗುತ್ತಿತ್ತು, ಪದ ಬರುತ್ತಿತ್ತು. ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ "ಗರತಿಯ ಹಾಡು" ಅನ್ನುವ ಪುಸ್ತಕ ತಂದರು. ಅದನ್ನು ತರಿಸಿಕೋ. ದಿನಕ್ಕೆ ಎರಡು ಹಾಡು ದನಿ ಎತ್ತಿ ಓದು. ಮನಸ್ಸಿನಲ್ಲೇ ಓದಿದರೆ ಆಗುವುದಿಲ್ಲ.

ನೀನು ಜಾಸ್ತಿ ಬರೆಯುವುದು ಟ್ಯೂನಿಗೆ, ಅಲ್ವಾ? ಅವರು ತನನ ಅಂತ ಹಾಡಿ ಕಳಿಸುತ್ತಾರೆ, ನೀನು ಮಾತು ತುಂಬುತ್ತೀಯ. ಹಾಗಿದ್ದಾಗ ಮೊದಲು ಅರ್ಥ ಹುಡುಕಬೇಡ. ಸ್ವರ ಎಲ್ಲಿ ಎಳೆಯುತ್ತದೆ, ಎಲ್ಲಿ ಓಡುತ್ತದೆ ಅಂತ ನೋಡು. ಎಳೆಯುವ ಜಾಗದಲ್ಲಿ ಬಾಯಿ ತೆರೆಯುವ ಅಕ್ಷರ ಬೇಕು. "ಬಾ", "ಊರಾ", "ನೀನೇ" ಅಲ್ಲಿ ಚೆನ್ನಾಗಿ ನಿಲ್ಲುತ್ತವೆ. "ಬಿಟ್ಟು", "ಹೊತ್ತು" ಅಂತ ಇಟ್ಟರೆ ಹಾಡುವವರಿಗೆ ಎಳೆಯಲು ಏನೂ ಸಿಗುವುದಿಲ್ಲ. ಅದೇ ಒತ್ತಕ್ಷರ ಓಡುವ ಜಾಗದಲ್ಲಿ ಕುಣಿಯುತ್ತದೆ. ಬರೆದದ್ದನ್ನು ಓಡಾಡುತ್ತಾ ನೀನೇ ಹಾಡಿ ನೋಡು. ಉಸಿರು ಸಾಲದಿದ್ದರೆ ಸಾಲು ಉದ್ದವಾಗಿದೆ ಅಂತ ತಿಳಿ.

ಇನ್ನು ನಾಳೆಯಿಂದ ಹೆಡ್‌ಫೋನ್ ಮನೆಯಲ್ಲಿಟ್ಟು ಬಸ್ಸು ಹತ್ತು. ಬೆಂಗಳೂರಿನಲ್ಲಿ ಎಷ್ಟು ಊರಿನ ಕನ್ನಡ ಕಿವಿಗೆ ಬೀಳುತ್ತದೆ! ಹೂವಿನವಳು ಮೊಳ ಹಾಕುತ್ತಾ ಏನು ಹೇಳುತ್ತಾಳೆ, ಕೋಲಾರದ ಕಡೆಯವರು ಫೋನಿನಲ್ಲಿ ಮನೆಯವರ ಜೊತೆ ಹೇಗೆ ಜಗಳ ಆಡುತ್ತಾರೆ, ಕೇಳು. ದಿನಕ್ಕೆ ಒಂದೇ ಒಂದು ಮಾತು ಬರೆದಿಟ್ಟುಕೋ. ಅದನ್ನು ಹಾಡು ಮಾಡಲು ಅವಸರ ಬೇಡ. ಕೆಲವು ಮಾತು ನನ್ನ ವಹಿಯಲ್ಲಿ ಹತ್ತು ವರ್ಷ ಮಲಗಿದ್ದು ಆಮೇಲೆ ಎದ್ದಿವೆ.

"ಅದೇ ಥರದ್ದು" ಕೇಳುವವರಿಗೆ ಸಿಟ್ಟಾಗಬೇಡ. ಬಾಡಿಗೆ ಕಟ್ಟಬೇಕು, ನನಗೆ ಗೊತ್ತು. ಅವರಿಗೂ ಬರೆದುಕೊಡು. ಆದರೆ ವಾರಕ್ಕೆ ಒಂದು ಹಾಡು, ಯಾರೂ ಬರೆದುಕೊಡು ಅಂತ ಕೇಳದೆ ಬರೆದದ್ದು ಇರಲಿ. ಅದನ್ನು ಮಾರಬೇಡ, ಯಾರಿಗೂ ತೋರಿಸಲೂ ಬೇಡ.

ನಾಗರ ಪಂಚಮಿಗೆ ತಪ್ಪದೆ ಬಾ. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಸುತ್ತೇನೆ. ಓಣಿಯ ಹೆಣ್ಣುಮಕ್ಕಳು ಜೀಕುತ್ತಾ ಹಾಡುವುದನ್ನು ನೀನು ಸಣ್ಣವಳಿದ್ದಾಗ ಕೇಳಿದ್ದೆ, ಮರೆತಿರಬೇಕು. ಹಾರ್ಮೋನಿಯಂನ ಎರಡು ಸ್ವರ ಹಿಡಿದುಕೊಂಡಿದ್ದವು, ರಿಪೇರಿಗೆ ಕೊಟ್ಟಿದ್ದೇನೆ. ನೀನು ಬರುವಷ್ಟರಲ್ಲಿ ಬಂದಿರುತ್ತದೆ.

ಇಂತಿ ನಿನ್ನ ಮಾವ